ಹಳ್ಳದ ಈಚೆ ಆಪರೇಷನ್

ನಮ್ಮೂರಿನ ಗಂಡಸರಿಗೆಲ್ಲ ಹೆರಿಗೆ ನೋವು ಗೊತ್ತು. ಜಂಬಕ್ಕೆ ಹೇಳುತ್ತಿಲ್ಲ, ಇರುವುದನ್ನು ಹೇಳುತ್ತಿದ್ದೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಯಾರಿಗಾದರೂ ಹೆರಿಗೆಯಾಗುವಾಗ, ಮುರಿದ ಮೂಳೆ ಕೂರಿಸುವಾಗ, ಆಪರೇಷನ್ ಆದವರಿಗೆ ಮದ್ದಿನ ಮಂಪರು ಇಳಿಯುವಾಗ, ಆ ನೋವು ಹಳ್ಳದ ಈಚೆಗಿರುವ ದೊಡ್ಡವರಿಗೆಲ್ಲ ಒಂದೊಂದು ಚೂರು ಹಂಚಿಹೋಗುತ್ತದೆ. ಮಕ್ಕಳಿಗೆ ಪಾಲಿಲ್ಲ. ಅದಕ್ಕೆ ಮುಂಚೆ ಆಸ್ಪತ್ರೆಯ ಗಂಟೆ ಬಾರಿಸುತ್ತಾರೆ. ಗಂಟೆ ಕೇಳಿದ ಕೂಡಲೇ ಕ್ಷೌರದಂಗಡಿಯ ನರಸಿಂಹಯ್ಯ ಕತ್ತಿಯನ್ನು ಗಿರಾಕಿಯ ಗಲ್ಲದಿಂದ ಮೇಲೆತ್ತುತ್ತಾನೆ, ಬಸ್ಸುಗಳು ರಸ್ತೆ ಬದಿಗೆ ಸರಿದು ನಿಲ್ಲುತ್ತವೆ, ಹೆಂಗಸರು ಒಲೆಯ ಮೇಲಿನ ಬಾಣಲೆ ಇಳಿಸುತ್ತಾರೆ. ಸ್ವಲ್ಪ ಹೊತ್ತು ಎಲ್ಲರೂ ಒಂದೇ ಜಾಗ ಹಿಡಿದುಕೊಂಡು ಕೂತು, ಅಯ್ಯಪ್ಪಾ ಎಂದು, ಆಮೇಲೆ ತಮ್ಮ ತಮ್ಮ ಕೆಲಸಕ್ಕೆ ಮರಳುತ್ತಾರೆ. ನನ್ನ ಮಗಳು ಹುಟ್ಟಿದ ದಿನ ನಾನು ಹೈಸ್ಕೂಲಿನ ಮೈದಾನದಲ್ಲಿ ವಾಲಿಬಾಲ್ ಕಂಬ ತಬ್ಬಿಕೊಂಡು ನಿಂತಿದ್ದೆ. ಮದುವೆಯೇ ಆಗದ ಹೆಡ್‌ಮಾಸ್ಟರು ವರಾಂಡದ ಗೋಡೆ ಹಿಡಿದುಕೊಂಡು ನನ್ನನ್ನು ಬೈಯುತ್ತಿದ್ದರು. ಇಲ್ಲದ ಅಂಗ ನೋಯುವುದು ಹೇಗೆ ಎಂದು ಹೊರಗಿನವರು ಕೇಳುತ್ತಾರೆ. ನೋಯುತ್ತದೆ, ಅಷ್ಟೆ.

ಪಾಲು ಬೇಡ ಅನ್ನುವವರು ಸೇತುವೆ ದಾಟಿ ಹಳ್ಳದ ಆಚೆಗೆ ಹೋಗಬಹುದು. ಅಲ್ಲಿ ಮುನೀರನ ಟೀ ಅಂಗಡಿಯಿದೆ, ಗಂಟೆಯ ಸದ್ದು ನಿಂತು ಸ್ವಲ್ಪ ಹೊತ್ತಾಗುವ ತನಕ ಬೆಂಚಿನ ಮೇಲೆ ಕೂತು ಟೀ ಕುಡಿದು ಬಂದರಾಯಿತು. ಅದಕ್ಕೆ ಯಾರೂ ಏನೂ ಅನ್ನುವ ಹಾಗಿಲ್ಲ. ಆದರೆ ಊರಿನಲ್ಲಿ ಜನ ಕಡಿಮೆಯಾದಷ್ಟೂ ಉಳಿದವರ ಪಾಲು ಹೆಚ್ಚು, ರೋಗಿಯ ಪಾಲಂತೂ ಇನ್ನೂ ಹೆಚ್ಚು. ಅಕ್ಕಿ ಗಿರಣಿಯ ದೊಡ್ಡಲಿಂಗಪ್ಪನ ಪಿತ್ತಕೋಶ ತೆಗೆದ ದಿನ ಸೇತುವೆಯ ಮೇಲೆ ಜಾತ್ರೆಯೋ ಜಾತ್ರೆ. ಆವತ್ತು ಅವನು ಕೂಗಿದ ಕೂಗು ಊರಿಗೆಲ್ಲ ಕೇಳಿಸಿತು. ತನ್ನನ್ನು ಯಾರು ಎಷ್ಟು ಹಚ್ಚಿಕೊಂಡಿದ್ದಾರೆಂದು ಒಂದೇ ಮಧ್ಯಾಹ್ನದಲ್ಲಿ ಗೊತ್ತಾಗಿಬಿಡುತ್ತದಲ್ಲ, ಅದಕ್ಕಿಂತ ದೊಡ್ಡ ನೋವು ಬೇರೆ ಬೇಕೆ?

ಹಳ್ಳದ ಆಚೆ ಖಾಸಗಿ ಆಸ್ಪತ್ರೆಯೂ ಇದೆ. ಅಲ್ಲಿ ಆಪರೇಷನ್ ಮಾಡಿಸಿಕೊಂಡರೆ ನೋವು ಯಾರಿಗೂ ಹೋಗುವುದಿಲ್ಲ, ಸುದ್ದಿಯೂ ಹೋಗುವುದಿಲ್ಲ.

ನನ್ನ ಹೆಸರು ಗಂಗಹನುಮಯ್ಯ, ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಎದೆ ಮುಂದೆ, ಗದ್ದ ಮೇಲೆ ಎಂದು ಅರಚಿ ಅರಚಿ ಗಂಟಲು ಕೆಡಿಸಿಕೊಂಡವನು. ಸಕ್ಕರೆ ಕಾಯಿಲೆ ನನ್ನನ್ನು ಹಿಡಿದು ಬಹಳ ವರ್ಷವಾಯಿತು. ಮೊದಲು ಪಾದ ಜೋಮು ಹಿಡಿಯಿತು, ಆಮೇಲೆ ಕಣ್ಣು ಮಂಜಾಯಿತು, ಅದಾದ ಮೇಲೆ ಶಿಶ್ನ ನಿಮಿರುವುದು ನಿಂತುಹೋಯಿತು. ಮಾತ್ರೆ ನುಂಗಿದೆ. ತಲೆನೋವು ಬಂತು, ಬೇರೇನೂ ಬರಲಿಲ್ಲ. ಸೂಜಿಮದ್ದೂ ಆಯಿತು. ಊರಿನ ಹುಡುಗರನ್ನೆಲ್ಲ ಸಾಲಾಗಿ ನೆಟ್ಟಗೆ ನಿಲ್ಲಿಸುವವನ ಗತಿ ಇದು ಎಂದು ನನಗೇ ನಗು ಬರುತ್ತಿತ್ತು, ನಗು ಮುಗಿದ ಮೇಲೆ ಅಳುವೂ ಬರುತ್ತಿತ್ತು. ಒಳಕೋಣೆಯಲ್ಲಿ ಸೆಕೆ, ನಡುಮನೆಯಲ್ಲಿ ಫ್ಯಾನಿದೆ ಅಂತ ನೆಪ ಹೇಳಿ ಹಾಸಿಗೆಯನ್ನು ಹೊರಗೆ ತಂದುಕೊಂಡೆ. ಚಳಿಗಾಲ ಬಂದರೂ ಹಾಸಿಗೆ ಒಳಗೆ ಹೋಗಲಿಲ್ಲ. ನನ್ನ ಹೆಂಡತಿ ಜಯಶೀಲ ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಬೈದು ಹಗುರಾಗುತ್ತಿದ್ದೆ.

ಕೊನೆಗೆ ಒಂದು ದಿನ ಶಾಲೆಗೆ ರಜೆ ಹಾಕಿ, ತಲೆಗೆ ಟವೆಲ್ ಸುತ್ತಿಕೊಂಡು ಸೇತುವೆ ದಾಟಿದೆ. ಖಾಸಗಿ ಆಸ್ಪತ್ರೆಯಲ್ಲಿ ಎಲ್ಲರೂ ಪಿಸುಮಾತಿನಲ್ಲೇ ಮಾತಾಡುತ್ತಾರೆ. ಡಾಕ್ಟರು ಚಿಕ್ಕ ವಯಸ್ಸಿನವನು, ಒಳ್ಳೆಯವನು. ಬಾಗಿಲು ಹಾಕಿ, ಪರದೆ ಎಳೆದು, ಮೇಜಿನ ಮೇಲೆ ಎರಡು ನಮೂನೆ ಇಟ್ಟ. ಒಂದು, ಬಗ್ಗಿಸಿದಂತೆ ಬಗ್ಗುವ, ಎತ್ತಿದರೆ ಹಾಗೇ ನಿಲ್ಲುವ ಜೋಡಿ ಕಡ್ಡಿ. ಇನ್ನೊಂದಕ್ಕೆ ಪುಟ್ಟ ಪಂಪು, ಒತ್ತಿದರೆ ನೀರು ತುಂಬಿ ನಿಮಿರುತ್ತದೆ, ಬೇಡವಾದಾಗ ಇಳಿಯುತ್ತದೆ. ಎರಡನ್ನೂ ದೇಹದ ಒಳಗೇ ಇಟ್ಟು ಹೊಲಿಯುತ್ತಾರೆ. "ಯಾರಿಗೂ ಗೊತ್ತಾಗಲ್ಲ ಸರ್. ನಾವು ಹೇಳಲ್ಲ, ನೀವೂ ಹೇಳ್ಬೇಕಾಗಿಲ್ಲ" ಎಂದ. ನೋವು ಇರುತ್ತಾ ಎಂದೆ. "ಇರುತ್ತೆ. ಮಾತ್ರೆ ಕೊಡ್ತೀವಿ. ಆದ್ರೆ ನೋವು ನಿಮ್ಮದೇ, ಅದು ಎಲ್ಲೂ ಹೋಗಲ್ಲ." ಅವನು ಮುಚ್ಚುಮರೆ ಮಾಡಲಿಲ್ಲ. ನಾನು ಆಗಲೇ ಮನಸ್ಸಿನಲ್ಲಿ ಒಪ್ಪಿಕೊಂಡುಬಿಟ್ಟಿದ್ದೆ. ನೋವು ಎಷ್ಟಾದರೂ ತಿನ್ನುತ್ತೇನೆ, ಊರಿನವರ ಬಾಯಿಗೆ ಬೀಳುವುದು ಬೇಡ.

ಆದರೂ ವಾಪಸು ಬರುವಾಗ ಕಾಲು ಸರ್ಕಾರಿ ಆಸ್ಪತ್ರೆಯ ಕಡೆಗೆ ಎಳೆಯಿತು. ಅಲ್ಲಿನ ಡಾಕ್ಟರ್ ಇನಾಯತ್ ಅವರ ಕೋಣೆಗೆ ಬಾಗಿಲಿದೆ, ಹಾಕಿಕೊಳ್ಳುವುದಿಲ್ಲ. ಅವರ ದನಿಯೋ, ನನ್ನ ಡ್ರಿಲ್ ದನಿಗೆ ಅಣ್ಣ. ನಾನು ಕಿವಿಯಲ್ಲಿ ಹೇಳಿದ್ದಕ್ಕೆ ಅವರು ಕಾರಿಡಾರಿಗೆಲ್ಲ ಕೇಳುವ ಹಾಗೆ ಉತ್ತರ ಕೊಟ್ಟರು. "ಮಾಡ್ತೀನಿ ಮೇಷ್ಟ್ರೇ, ಯಾಕೆ ಮಾಡಲ್ಲ? ನಮ್ಮಲ್ಲಿ ಬಗ್ಗಿಸೋ ಕಡ್ಡಿ ಮಾತ್ರ ಬರುತ್ತೆ. ಪಂಪಿಂದೇ ಬೇಕು ಅಂದ್ರೆ ಆಚೆ ಹೋಗಿ, ಅಲ್ಲೂ ಚೆನ್ನಾಗಿ ಮಾಡ್ತಾರೆ. ಎಲ್ಲೇ ಮಾಡಿಸ್ಕೊಳ್ಳಿ, ಮೊದಲು ಸಕ್ಕರೆ ಇಳಿಸ್ಕೊಂಡು ಬನ್ನಿ, ಇಲ್ದಿದ್ರೆ ಸೋಂಕಾಗಿ ಹಾಕಿದ್ದನ್ನೇ ತೆಗೀಬೇಕಾಗುತ್ತೆ. ಇನ್ನೊಂದು ಮಾತು. ಒಂದ್ಸಲ ಹಾಕಿದ ಮೇಲೆ ಹಳೇದು ತಾನಾಗೇ ವಾಪಸ್ ಬರುತ್ತೆ ಅಂತ ಕಾಯೋ ಹಾಗಿಲ್ಲ. ಅದಕ್ಕೇ ನಾಳೆ ಮನೆಯೋರ್ನೂ ಕರ್ಕೊಂಡು ಬನ್ನಿ. ಅವರ ಹತ್ರ ಮಾತಾಡದೆ ನಾನು ಕತ್ತಿ ಹಿಡಿಯಲ್ಲ."

ಮನೆಗೆ ಬಂದಾಗ ಜಯಶೀಲ ನೆನೆಸಿದ ಅವರೆಕಾಳನ್ನು ಹಿಸುಕಿ ಸಿಪ್ಪೆ ಬಿಡಿಸುತ್ತ ಕೂತಿದ್ದಳು. ನಾನೂ ಎದುರಿಗೆ ಕೂತು ಒಂದು ಹಿಡಿ ತೆಗೆದುಕೊಂಡು ಹಿಸುಕತೊಡಗಿದೆ. ಕೈಗೆ ಕೆಲಸವಿದ್ದರೆ ನಾಲಿಗೆಗೆ ಧೈರ್ಯ. ಎಲ್ಲವನ್ನೂ ಹೇಳಿದೆ. ಕಾಯಿಲೆ, ಮಾತ್ರೆ, ಕಡ್ಡಿ, ಪಂಪು, ಎರಡು ಆಸ್ಪತ್ರೆ. ಅವಳು ಕಾಳು ಹಿಸುಕುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಇದಾ? ನನ್ ಗರ್ಭಕೋಶ ತೆಗ್ಸಿದ ಮೇಲೆ ನಿಮಗೆ ನಾನಂದ್ರೆ ಹೇಸಿಗೆ ಅಂದ್ಕಂಡಿದ್ನಲ್ರೀ" ಅಂದಳು. ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಷ್ಟು ದಿನ ನಾನೊಬ್ಬನೇ ನರಳುತ್ತಿದ್ದೇನೆ ಎಂದುಕೊಂಡಿದ್ದೆ, ಒಳಕೋಣೆಯಲ್ಲಿ ಇನ್ನೊಬ್ಬಳೂ ನರಳುತ್ತಿದ್ದಳು.

ಎಲ್ಲಿ ಮಾಡಿಸುವುದು ಎಂಬ ಮಾತು ಬಂದಾಗ, ಆಚೆಗೇ ಹೋಗುತ್ತೇನೆ ಎಂದೆ. ಬೇಡ ಎಂದಳು. ಅವಳ ಆಪರೇಷನ್ ಆಚೆಗೇ ಆಗಿತ್ತು. ಹೆಂಗಸರ ವಿಷಯ, ಬೀದಿಗೆಲ್ಲ ಯಾಕೆ ಎಂದು ಅವಳೇ ಹಟ ಹಿಡಿದು ಹೋಗಿದ್ದಳು. "ಅಲ್ಲಿ ಚೆನ್ನಾಗೇ ನೋಡ್ಕತಾರೆ ಕಣ್ರೀ, ಸುಳ್ಳು ಹೇಳಬಾರದು. ಆದ್ರೆ ನೋವು ಪೂರ್ತಿ ನಂದೇ ಆಗಿತ್ತು. ನೀವು ಪಕ್ಕದಲ್ಲಿ ಕೂತ್ಕಂಡು ನನ್ ಕೈ ಹಿಡ್ಕಂಡಿದ್ರಿ, ನಿಮಗೆ ಒಂದು ಚೂರೂ ಗೊತ್ತಾಗ್ತಿರ್ಲಿಲ್ಲ. ನಿಮ್ ಮುಖ ನೋಡಿದ್ರೆ ನಂಗೆ ಇನ್ನೂ ನೋಯ್ತಿತ್ತು. ನಿಮ್ಮದರಲ್ಲಿ ನಂಗೆ ಪಾಲು ಬೇಕು." ನಾನು ಸೋಲಲಿಲ್ಲ. "ಊರಿನ ಗಂಡಸರೆಲ್ಲ ಸೇತುವೆ ದಾಟಿಬಿಡ್ತಾರೆ ಕಣೇ. ದೊಡ್ಡಲಿಂಗಪ್ಪನ ಗತಿ ಆಗುತ್ತೆ. ನೋವೂ ನಂದು, ಮರ್ಯಾದೆ ಹೋಗೋದೂ ನಂದು" ಎಂದೆ. ಅವಳು ಮತ್ತೆ ಕಾಳು ಹಿಸುಕುತ್ತ, "ದಾಟಿದ್ರೆ ದಾಟ್ಲಿ. ನಾನಂತೂ ದಾಟಲ್ಲ" ಎಂದಳು.

ಇನ್ನು ಜಾಗ ಹೇಳುವ ಪದ್ಧತಿ. ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಆಗುವವರು ಮುನ್ನಾದಿನ ಬೆಲ್ಲದ ಪಾನಕದ ಕೊಡ ಹಿಡಿದು ಬೀದಿಯ ಮನೆಮನೆಗೆ ಹೋಗಬೇಕು. ಲೋಟಕ್ಕೆ ಪಾನಕ ಹಾಕಿಕೊಟ್ಟು, ನೋವು ಬರುವ ಜಾಗದ ಮೇಲೆ ಕೈಯಿಟ್ಟು ತೋರಿಸಬೇಕು. ಮನೆಯವರು ಪಾನಕ ಕುಡಿದು "ಬರ್ಲಿ" ಅನ್ನುತ್ತಾರೆ. ಅಷ್ಟೇ. ಹೀಗೆ ಹೇಳಿಟ್ಟರೆ ಮಾರನೆಯ ದಿನ ಯಾರೂ ತಮಗೇ ಏನೋ ಆಯಿತೆಂದು ಗಾಬರಿ ಬೀಳುವುದಿಲ್ಲ. ಬೀದಿಯಿಂದ ಬೀದಿಗೆ ಸುದ್ದಿ ತಾನೇ ಹೋಗುತ್ತದೆ. ಹರ್ನಿಯಾ ಎಂದುಬಿಡಲೇ ಎಂದು ನಾನು ಲೆಕ್ಕ ಹಾಕಿದ್ದುಂಟು. ಹಿಂದೆ ಹೋಟೆಲಿನ ರುದ್ರೇಶಿ ಮೂಲವ್ಯಾಧಿಯ ಆಪರೇಷನ್ನಿಗೆ ಮೂತ್ರಪಿಂಡದ ಕಲ್ಲು ಎಂದು ಸುಳ್ಳು ಜಾಗ ತೋರಿಸಿದ್ದ. ಆವತ್ತು ಗಂಟೆ ಹೊಡೆದಾಗ ಊರಿನವರೆಲ್ಲ ಬೆನ್ನಿಗೆ ಕೈ ಕೊಟ್ಟು ಆರಾಮವಾಗಿ ಕೂತಿದ್ದವರು, ಕೂತಲ್ಲಿಂದ ಒಟ್ಟಿಗೇ ಎದ್ದು ನಿಂತರು. ಇವತ್ತಿಗೂ ಅವನ ಹೋಟೆಲಿಗೆ ಹೋದವರು, ಕೂರಬಹುದೇನಪ್ಪಾ ಎಂದು ಕೇಳಿಯೇ ಕೂರುವುದು.

ಸಕ್ಕರೆ ಇಳಿಯಿತು, ಡಾಕ್ಟರು ಇಬ್ಬರ ಹತ್ತಿರವೂ ಮಾತಾಡಿದರು, ದಿನ ಗೊತ್ತಾಯಿತು. ಮುನ್ನಾದಿನ ಕೊಡ ನನ್ನ ಕೈಯಲ್ಲಿ, ಲೋಟ ಜಯಶೀಲಳ ಕೈಯಲ್ಲಿ. ಮೊದಲನೆಯ ಮನೆ ತೊಂಬತ್ತು ಮುಟ್ಟಿದ ಲಕ್ಕಜ್ಜಿಯದು. ಅಜ್ಜಿ ಪಾನಕ ಕುಡಿದು, ಜಾಗ ತೋರಿಸಲೆಂದು ಕಾದಳು. ನನ್ನ ಕೈ ಎದ್ದು ಸೊಂಟದ ಹತ್ತಿರ ನಿಂತಿತು. "ಸೊಂಟವಾ?" ಎಂದಳು ಅಜ್ಜಿ. ಕೈ ತೊಡೆಗೆ ಹೋಯಿತು. "ತೊಡೆಯಾ?" ಎಂದಳು. ಕೈ ಜೇಬಿಗೆ ಹೋಯಿತು. "ನಡುವೆ ಕಣಜ್ಜಿ" ಎಂದಳು ಜಯಶೀಲ. ನಾನು ಪಾನಕದ ಕೊಡದೊಳಗೆ ಇಳಿದುಬಿಡೋಣ ಎಂದುಕೊಂಡೆ. ಅಜ್ಜಿ ಮಾತ್ರ ಸೊಪ್ಪಿನ ರೇಟು ಕೇಳಿದವಳ ಹಾಗೆ ತಲೆಯಾಡಿಸಿದಳು. "ಅದಾ? ಅದಕ್ಯಾಕೆ ಹಿಂಗೆ ಬೆವರ್ತೀಯಾ ಮಗಾ? ನಾನು ಹೆರುವಾಗೆಲ್ಲ ಈ ಬೀದಿ ಗಂಡಸ್ರು ಹೊಟ್ಟೆ ಹಿಡ್ಕಂಡು ಜಗಲಿ ಮೇಲೆ ಹೊರಳಾಡವ್ರೆ, ನಿಮ್ಮಪ್ಪನೂ ಸೇರಿ. ನಾನೇನು ಜಾಗ ಮುಚ್ಚಿಟ್ಕಂಡಿದ್ನಾ? ಬರ್ಲಿ ಬಿಡು."

ಅಲ್ಲಿಂದ ಮುಂದೆ ಕೈ ಹಗುರಾಯಿತು. ಕೆಲವರು ನಕ್ಕರು, ಇಲ್ಲವೆನ್ನಲಾರೆ. ನರಸಿಂಹಯ್ಯ, "ಮೇಷ್ಟ್ರೇ, ಇನ್ಮೇಲೆ ಸಾವಧಾನ್ ಅಂದ್ರೆ ಪೂರ್ತಿ ಸಾವಧಾನ್ ಅನ್ನಿ" ಎಂದು ಚುಡಾಯಿಸಿ, ಪಾನಕ ಇನ್ನೊಂದು ಲೋಟ ಕೇಳಿ, ಬರ್ಲಿ ಎಂದ. ನನ್ನ ಎದೆ ಕುಸಿದದ್ದು ಒಂದೇ ಮನೆಯಲ್ಲಿ. ಸೈಕಲ್ ಶಾಪಿನ ಕೆಂಪರಾಜು ನನ್ನ ಜೀವದ ಗೆಳೆಯ. ದಿನಾ ಸಂಜೆ ಅವನ ಅಂಗಡಿಯ ಮುಂದೆ ಕೂತು ಚೌಕಾಬಾರ ಆಡದಿದ್ದರೆ ಇಬ್ಬರಿಗೂ ಊಟ ಸೇರುವುದಿಲ್ಲ. ಅವನು ಲೋಟ ಕೈಯಲ್ಲಿ ಹಿಡಿದು, ನಾನು ತೋರಿಸಿದ ಜಾಗ ನೋಡಿ, ಮುಖ ಕಪ್ಪು ಮಾಡಿಕೊಂಡ. ಪಾನಕ ಕುಡಿಯಲಿಲ್ಲ. "ನೋಡಾಣ" ಎಂದು ಲೋಟವನ್ನು ಜಗಲಿಯ ಮೇಲಿಟ್ಟು ಒಳಗೆ ಹೋದ. ನಮ್ಮೂರಿನಲ್ಲಿ ಆ ಸಮಯಕ್ಕೆ ನೋಡೋಣ ಎಂದು ಹೇಳಿದವರನ್ನು ನಾನು ಕಂಡಿರಲಿಲ್ಲ.

ಮಾರನೆಯ ಬೆಳಗ್ಗೆ ವಾರ್ಡಿನ ಕಿಟಕಿಯಿಂದ ಸೇತುವೆ ಕಾಣುತ್ತಿತ್ತು. ನೋಡಬಾರದು ಎಂದುಕೊಂಡೇ ನೋಡುತ್ತಿದ್ದೆ. ಮೊದಲು ಯಾರೂ ಇರಲಿಲ್ಲ. ಆಮೇಲೆ ಒಬ್ಬ ಕಂಡ. ಗಾರೆ ಬಣ್ಣದ ಅಂಗಿ, ಎಡಗಾಲು ಸ್ವಲ್ಪ ಎಳೆಯುವ ನಡಿಗೆ. ಕೆಂಪರಾಜು. ತಲೆ ತಗ್ಗಿಸಿಕೊಂಡು ಬಿರಬಿರನೆ ಆಚೆ ದಡಕ್ಕೆ ನಡೆದುಬಿಟ್ಟ. ಅವನೇ ಹೋದ ಮೇಲೆ ಇನ್ನು ಯಾರು ಉಳಿಯುತ್ತಾರೆ? ಎದ್ದು ಬಟ್ಟೆ ಹಾಕಿಕೊಂಡು ಮನೆಗೆ ಹೋಗೋಣ ಅನ್ನಿಸಿತು. ಹಾಗೆ ಜಯಶೀಲಳಿಗೆ ಹೇಳುವಷ್ಟರಲ್ಲಿ ಸ್ಟ್ರೆಚರ್ ಬಂತು. ಡಾಕ್ಟರ್ ಇನಾಯತ್ ಒಳಗಿನಿಂದಲೇ, "ಏನ್ ಮೇಷ್ಟ್ರೇ, ಎದೆ ಮುಂದೆ, ಗದ್ದ ಮೇಲೆ!" ಎಂದು ಕೂಗಿದರು. ಇಡೀ ವಾರ್ಡು ನಕ್ಕಿತು. ನಾನೂ ನಗುತ್ತ ನಗುತ್ತಲೇ ಎಚ್ಚರ ತಪ್ಪಿದೆ.

ಎಚ್ಚರವಾದಾಗ ವಾರ್ಡಿನಲ್ಲಿದ್ದೆ, ಮಧ್ಯಾಹ್ನ ಇಳಿದಿತ್ತು. ಸೊಂಟದ ಕೆಳಗೆ ಮರದ ದಿಮ್ಮಿ ಇಟ್ಟ ಹಾಗಿತ್ತು. ನರ್ಸು ನನ್ನ ತೊಡೆ ಚಿವುಟಿ, ಗೊತ್ತಾಗ್ತಿದೆಯಾ ಎಂದು ಕೇಳಿದಳು. ಗೊತ್ತಾಗ್ತಿದೆ ಎಂದ ಕೂಡಲೇ ಕಿಟಕಿಯಿಂದ ಕೈ ಬೀಸಿದಳು. ಅಂಗಳದಲ್ಲಿ ಗಂಟೆ ಹೊಡೆಯಿತು. ನಾನು ಮಂಚದ ಸರಳು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿ, ಕಣ್ಣು ಮುಚ್ಚಿದೆ. ದೊಡ್ಡಲಿಂಗಪ್ಪನ ಕೂಗು ಕಿವಿಯಲ್ಲಿ ಕೇಳುತ್ತಿತ್ತು. ಕಾದೆ. ಇನ್ನೂ ಕಾದೆ. ಒಂದು ಸಣ್ಣ ಉರಿ ಬಂತು, ಇರುವೆ ಕಡಿದಷ್ಟು. ಇದು ಮುನ್ನುಡಿ, ನೋವು ಹಿಂದೆ ಬರುತ್ತದೆ ಎಂದುಕೊಂಡೆ. ಹಿಂದೆ ಏನೂ ಬರಲಿಲ್ಲ. ಹಲ್ಲು ಕೀಳಿಸಿಕೊಂಡಾಗಲೂ ಇದಕ್ಕಿಂತ ಹೆಚ್ಚು ನೋವು ನನ್ನ ಪಾಲಿಗೆ ಬಂದಿತ್ತು. "ಸಿಸ್ಟರ್, ಮದ್ದು ಇಳಿದಿಲ್ಲ ಅನ್ಸುತ್ತೆ" ಎಂದೆ. ಗೋಡೆಗೊರಗಿ, ತೊಡೆ ಜೋಡಿಸಿಕೊಂಡು ನಿಂತಿದ್ದ ಆಕೆ, "ಇಳಿದಿದೆ ಸರ್. ಚೆನ್ನಾಗೇ ಇಳಿದಿದೆ" ಎಂದಳು.

ಅಷ್ಟರಲ್ಲಿ ಜಯಶೀಲ ಬಂದಳು. ಕಾಲು ಅಗಲಿಸಿಕೊಂಡು, ಹೆಜ್ಜೆಗೊಮ್ಮೆ ಬಾಗಿಲು, ಮಂಚ, ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಅಯ್ಯೋ ದೇವರೇ, ಇಷ್ಟು ವರ್ಷ ಇದನ್ನ ಹೆಂಗ್ರೀ ಹೊತ್ಕಂಡು ಓಡಾಡ್ತೀರಾ ನೀವು ಗಂಡಸ್ರು" ಎಂದು ನನ್ನ ಪಕ್ಕ ಕೂತಳು. ಎಷ್ಟು ಜನ ಹೋದರು ಎಂದು ಕೇಳಿದೆ. ಎಲ್ಲಿಗೆ ಎಂದಳು. ಆಚೆಗೆ ಎಂದೆ. "ಯಾರೂ ಹೋಗ್ಲಿಲ್ಲ ಕಣ್ರೀ. ಕೆಂಪರಾಜಣ್ಣ ಒಬ್ಬರು ಬಿಟ್ರೆ. ಆದ್ರೆ ಸೇತುವೆ ಮೇಲೆ ಜನ ಇದ್ರು. ಆಚೆಯಿಂದ ಈಚೆಗೆ ಬರ್ತಾ ಇದ್ರು."

ಆಮೇಲೆ ಅವಳು ಹೇಳಿದ್ದನ್ನು ನಾನು ಎರಡೆರಡು ಸಲ ಹೇಳಿಸಿಕೊಂಡೆ. ಮುನೀರನ ಟೀ ಅಂಗಡಿಯಿಂದ ಸುದ್ದಿ ಆಚೆ ದಡದ ಊರುಗಳಿಗೆಲ್ಲ ಹೋಗಿತ್ತು. ಗಂಟೆ ಹೊಡೆಯುವುದಕ್ಕೆ ಮುಂಚೆ ಅಲ್ಲಿಂದ ಗಂಡಸರು ಒಬ್ಬೊಬ್ಬರಾಗಿ ಬಂದು ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ನಿಂತರಂತೆ. ಬಟ್ಟೆ ಅಂಗಡಿಯವರು, ಒಬ್ಬ ಲಾರಿ ಡ್ರೈವರು, ಟೈ ಕಟ್ಟಿದ ಬ್ಯಾಂಕಿನವರೊಬ್ಬರು. ಒಬ್ಬರಿಗೊಬ್ಬರು ಪರಿಚಯವಿಲ್ಲ, ಮಾತಿಲ್ಲ. ರಿಟೈರಾದ ತಹಸೀಲ್ದಾರರು, ಯಾವತ್ತೂ ಮುಖ ಗಂಟು ಹಾಕಿಕೊಂಡೇ ಇರುವವರು, ಜಯಶೀಲಳ ಹತ್ತಿರ ಬಂದು, "ನನಗೂ ಇದೇ ಆಯ್ತಮ್ಮ. ಅಲ್ಲೇ, ಆಚೆ. ಚೆನ್ನಾಗೇ ಮಾಡಿದ್ರು. ಆದ್ರೆ ಒಬ್ಬನೇ ಇದ್ದೆ" ಎಂದರಂತೆ. ಗಂಟೆ ಹೊಡೆದಾಗ ಮರ ಹಿಡಿದುಕೊಂಡು ತಮ್ಮ ಪಾಲು ತೆಗೆದುಕೊಂಡರು. ಆಮೇಲೆ ಪಂಚೆ, ಪ್ಯಾಂಟು ಸರಿಮಾಡಿಕೊಂಡು ಸೇತುವೆ ದಾಟಿ ಹೊರಟುಹೋದರು. ಗಿರಾಕಿಗಳಿಲ್ಲದೆ ಬೇಸತ್ತ ಮುನೀರನೂ ಅಂಗಡಿ ಮುಚ್ಚಿ ಅವರ ಜೊತೆ ಬಂದಿದ್ದನಂತೆ. ಕೇಳುತ್ತ ಕೇಳುತ್ತ ನಾನು ಅತ್ತುಬಿಟ್ಟೆ. ನಾನು ನೋವಿಗೆ ಅಳುತ್ತಿದ್ದೇನೆ ಎಂದುಕೊಂಡು ಪಕ್ಕದ ಮಂಚದವನು, ಸಮಾಧಾನ ಮಾಡ್ಕಳಿ ಮೇಷ್ಟ್ರೇ ಎಂದ. ಅದು ನೋವಲ್ಲ. ತಿಂಗಳುಗಟ್ಟಲೆ ಬಿಗಿಹಿಡಿದದ್ದನ್ನು ಬಿಟ್ಟಾಗ ಬರುವ ಅಳು.

ಗಾಯ ಒಣಗಿತು. ಡಾಕ್ಟರು ಹೇಳಿದಷ್ಟು ವಾರ ಹುಷಾರಾಗಿದ್ದೆ. ಆಮೇಲೆ ಒಂದು ದಿನ ಜಯಶೀಲ ನನ್ನ ಹಾಸಿಗೆ ಸುತ್ತಿ ಒಳಕೋಣೆಗೆ ತೆಗೆದುಕೊಂಡು ಹೋದಳು, ಫ್ಯಾನಿನ ಮಾತೆತ್ತಲಿಲ್ಲ. ಮುಂದಿನದನ್ನು ನಾನು ಹೇಳುವುದಿಲ್ಲ. ಪುಣ್ಯಕ್ಕೆ ನಮ್ಮೂರಿನಲ್ಲಿ ನೋವು ಮಾತ್ರ ಹಂಚಿಹೋಗುತ್ತದೆ.

ಕೆಂಪರಾಜುವಿನ ಅಂಗಡಿಯ ಕಡೆ ನಾನು ತಲೆ ಹಾಕಿರಲಿಲ್ಲ. ಸಿಟ್ಟು ಎಂದರೆ ಸಿಟ್ಟು. ಶಾಲೆಗೆ ಬೇಕೆಂದೇ ಸುತ್ತುಬಳಸಿ ಹೋಗುತ್ತಿದ್ದೆ. ಚೌಕಾಬಾರವಿಲ್ಲದೆ ಸಂಜೆಗಳು ಹಳಸಿಹೋಗಿದ್ದವು, ಆದರೂ ಹೋಗಲಿಲ್ಲ. ಮೊನ್ನೆ ಬಾಗಿಲಲ್ಲಿ ಯಾರೋ ಕೆಮ್ಮಿದ ಹಾಗಾಯಿತು. ನೋಡಿದರೆ ಅವನೇ. ಒಂದು ಕೈಯಲ್ಲಿ ಪಾನಕದ ಕೊಡ, ಇನ್ನೊಂದರಲ್ಲಿ ಲೋಟ, ಹಿಂದೆ ತಲೆ ತಗ್ಗಿಸಿದ ಅವನ ಹೆಂಡತಿ. ನಾನು ಬಾ ಎನ್ನಲಿಲ್ಲ. ಅವನೂ ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು ಹೇಳಿದ. "ಅವತ್ತು ನಾನು ಓಡಿಹೋದೆ ಹನುಮಯ್ಯ. ಆ ಜಾಗ ನೋಯುತ್ತೆ ಅಂತಲ್ಲ. ನೋವು ಬಂದು ನಾನು ಎಲ್ಲರ ಎದುರಿಗೆ ಅತ್ತುಬಿಟ್ರೆ, ಇವನಿಗೂ ಅದೇ ಕಾಯಿಲೆ ಅಂತ ಗೊತ್ತಾಗಿಬಿಡುತ್ತೆ ಅಂತ. ನಿನಗೂ ಹೇಳಿರ್ಲಿಲ್ಲ ನೋಡು ನಾನು." ಲೋಟಕ್ಕೆ ಪಾನಕ ಹಾಕಲು ಹೋದ, ಅರ್ಧ ನೆಲಕ್ಕೆ ಚೆಲ್ಲಿತು. ಲೋಟ ನನಗೆ ಕೊಟ್ಟ. ಜಾಗ ತೋರಿಸಬೇಕಲ್ಲ, ಕೈ ಮೇಲೆತ್ತಿದ. ಅದು ಸೊಂಟದ ಹತ್ತಿರ ಹೋಗಿ ನಿಂತಿತು.

ಎರಡು ಮಾತು ಚೆನ್ನಾಗಿ ಬೈಯೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯಿಂದ ಜಯಶೀಲಳ ದನಿ ಬಂತು. "ಗೊತ್ತಾಯ್ತು ಬಿಡಿ ಕೆಂಪರಾಜಣ್ಣ, ಆ ಕೈ ಇಳಿಸಿ. ಬರ್ಲಿ!" ಅವನ ಕೈ ಕೆಳಗಿಳಿಯಿತು. ಹಿಂದೆ ನಿಂತಿದ್ದ ಅವನ ಹೆಂಡತಿ ತಲೆಯೆತ್ತಿ ನೋಡಿದಳು. ನಾನು ಪಾನಕವನ್ನು ಒಂದೇ ಗುಟುಕಿಗೆ ಕುಡಿದು, ಲೋಟ ವಾಪಸು ಕೊಟ್ಟು, "ಬರ್ಲಿ ಕಣಯ್ಯ. ಮೊದ್ಲು ಒಳಗೆ ಬಾ, ಚೌಕಾಬಾರದ ಕಾಯಿ ತಂದಿದೀಯಾ?" ಎಂದೆ.

ತಂದಿದ್ದ. ಜೇಬಿನಲ್ಲೇ ಇದ್ದವು.